ಕೆಳಗೆ ಶಾಲೆ, ಮೇಲೆ ಮನೆ: ಗೇಟು ಎಲ್ಲಿಡೋಣ?

ಹೋದ ಸಲ ಓದುಗರೊಬ್ಬರು "ಅಪಾರ್ಟ್‌ಮೆಂಟ್ ಕಟ್ಟಡದಲ್ಲೇ ಶಾಲೆಯೂ ಇದ್ದರೆ ಒಳ್ಳೆಯದಲ್ವಾ?" ಅಂತ ಕೇಳಿದ್ದರು. "ಒಳ್ಳೆಯದೇ, ಗೇಟು ಬೇರೆ ಇದ್ದರೆ" ಅಂತ ಒಂದೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಬೈದವರೂ ಇದ್ದಾರೆ. ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ನಮಸ್ಕಾರ ಮೇಡಂ. ಹಳೇ ಬಡಾವಣೆಯೊಂದರಲ್ಲಿ ನಮ್ಮ ಟ್ರಸ್ಟಿನ ಶಾಲೆ ಇದೆ. ಜಾಗ ಮುಕ್ಕಾಲು ಎಕರೆ. ಕಟ್ಟಡ ಹಳೆಯದು, ಜೋರು ಮಳೆ ಬಂದರೆ ಎರಡು ಕ್ಲಾಸು ಸೋರುತ್ತವೆ. ರಿಪೇರಿಗೆ ದುಡ್ಡಿಲ್ಲ. ಒಬ್ಬ ಬಿಲ್ಡರ್ ಬಂದು, "ಕೆಳಗೆ ನಾಲ್ಕು ಮಹಡಿ ಹೊಸ ಶಾಲೆ ಪುಕ್ಕಟೆ ಕಟ್ಟಿಕೊಡ್ತೀನಿ, ಮೇಲಿನ ಹತ್ತು ಮಹಡಿ ಫ್ಲ್ಯಾಟು ನನಗೆ" ಅನ್ನುತ್ತಿದ್ದಾರೆ. ಕಮಿಟಿಯಲ್ಲಿ ಅರ್ಧ ಜನ ಹೂಂ, ಅರ್ಧ ಜನ ಉಹೂಂ. ಏನು ಮಾಡೋಣ?
(ಶಾಲೆಯ ಕಾರ್ಯದರ್ಶಿ, ಬೆಂಗಳೂರು)

ಉತ್ತರ: ಮೊದಲು ಜಾಗದ ಕಾಗದ ತೆಗೆದು ನೋಡಿ ಸಾರ್. ಅದು ಸಿಎ ಸೈಟ್ (ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆ ಅಂತ ಮೀಸಲಿಟ್ಟ ಜಾಗ) ಆಗಿದ್ದರೆ ಮಾತು ಇಲ್ಲಿಗೇ ಮುಗಿಯಿತು. ಶಾಲೆಗೆ ಅಂತ ಲೀಸಿಗೆ ಕೊಟ್ಟ ಜಾಗದಲ್ಲಿ ಫ್ಲ್ಯಾಟ್ ಕಟ್ಟಿ ಮಾರುವ ಹಾಗಿಲ್ಲ. ಟ್ರಸ್ಟಿನ ಸ್ವಂತ ಜಾಗವಾಗಿದ್ದರೆ ಟ್ರಸ್ಟ್ ಡೀಡ್ ಹಿಡಿದುಕೊಂಡು ಒಬ್ಬ ಒಳ್ಳೇ ವಕೀಲರ ಹತ್ತಿರ ಹೋಗಿ, ನನ್ನ ಹತ್ತಿರ ಆಮೇಲೆ ಬನ್ನಿ.

ಬಿಲ್ಡರ್ ಹೇಳುತ್ತಿರುವುದು ಹೊಸ ಐಡಿಯಾ ಏನಲ್ಲ. ನ್ಯೂಯಾರ್ಕ್ ನಗರದಲ್ಲಿ ಇದಕ್ಕೆಂದೇ 1960ರ ದಶಕದಿಂದ ಒಂದು ಸಂಸ್ಥೆ ಇದೆ, ಎಜುಕೇಷನಲ್ ಕನ್‌ಸ್ಟ್ರಕ್ಷನ್ ಫಂಡ್ ಅಂತ. ಊರಿನ ನಡುವೆ ಹಳೇ ಸರ್ಕಾರಿ ಶಾಲೆ, ಅದರ ಜಾಗಕ್ಕೆ ಚಿನ್ನದ ಬೆಲೆ, ಆದರೆ ಹೊಸ ಶಾಲೆ ಕಟ್ಟೋಕೆ ದುಡ್ಡಿಲ್ಲ. ನಿಮ್ಮದೇ ಕಥೆ. ಅವರು ಮಾಡಿದ್ದು ಏನು ಅಂದರೆ ಜಾಗ ಮಾರಲಿಲ್ಲ, ಬಿಲ್ಡರ್‌ಗೆ ಲೀಸಿಗೆ ಕೊಟ್ಟರು. ಆತ ಅಲ್ಲಿ ಮನೆಯನ್ನೋ ಆಫೀಸನ್ನೋ ಕಟ್ಟಿಕೊಳ್ಳುತ್ತಾನೆ, ಆ ಲೀಸಿನಿಂದ ಬರುವ ಹಣದಲ್ಲಿ ಶಾಲೆ ಕಟ್ಟಲು ಎತ್ತಿದ ಸಾಲ ತೀರುತ್ತದೆ. ಮ್ಯಾನ್‌ಹ್ಯಾಟನ್ನಿನ ಈಸ್ಟ್ 57ನೇ ಬೀದಿಯಲ್ಲಿ ಹೀಗೇ ಒಂದು ಪ್ರೈಮರಿ ಶಾಲೆಗೂ ಕಲೆ ಕಲಿಸುವ ಒಂದು ಹೈಸ್ಕೂಲಿಗೂ ಹೊಸ ಕಟ್ಟಡ ಬಂತು. ಶಾಲೆಗಳು 2012ರಲ್ಲಿ ಶುರುವಾದವು, ಮನೆಗಳ ಗೋಪುರ ಎದ್ದಿದ್ದು ಅದಾದ ಮೇಲೆ. ಈ ಕ್ರಮ ನೋಡಿ. ಶಾಲೆ ಮೊದಲು, ಫ್ಲ್ಯಾಟು ಆಮೇಲೆ. ನಮ್ಮಲ್ಲಿ ಉಲ್ಟಾ ಆಗುತ್ತದೆ. ಫ್ಲ್ಯಾಟು ಬುಕ್ ಆಗುತ್ತವೆ, ಗೃಹಪ್ರವೇಶವೂ ಆಗುತ್ತದೆ, ಶಾಲೆಗೆ ಮಾತ್ರ ಇನ್ನೂ ಕಿಟಕಿ ಕೂರಿಸಿರುವುದಿಲ್ಲ. ಅಗ್ರಿಮೆಂಟಿನಲ್ಲಿ ಒಂದೇ ಒಂದು ಸಾಲು ನಿಮ್ಮ ಇಷ್ಟದಂತೆ ಬರೆಸಿಕೊಳ್ಳಬಹುದು ಅಂದರೆ "ಶಾಲೆ ಮೊದಲು" ಅನ್ನೋದನ್ನೇ ಬರೆಸಿ.

ಇನ್ನು "ಪುಕ್ಕಟೆ" ಅನ್ನೋ ಮಾತು. ಹತ್ತು ಮಹಡಿ ಫ್ಲ್ಯಾಟು ಮಾರಿದರೆ ಪ್ರತಿ ಫ್ಲ್ಯಾಟಿನ ಜೊತೆ ನಿಮ್ಮ ನೆಲದ ಒಂದು ಪಾಲೂ ಮಾರಿಹೋಗುತ್ತದೆ. ಅವಿಭಜಿತ ಪಾಲು ಅಂತ ಕ್ರಯಪತ್ರದಲ್ಲಿ ಬರುತ್ತದಲ್ಲ, ಅದೇ. ಇವತ್ತು ಒಬ್ಬ ಬಿಲ್ಡರ್ ಜೊತೆ ಮಾತಾಡುತ್ತಿದ್ದೀರಿ, ನಾಳೆ ಎಂಬತ್ತು ಮಾಲೀಕರ ಜೊತೆ ಮಾತಾಡಬೇಕು. ಐವತ್ತು ವರ್ಷ ಆದಮೇಲೆ ಕಟ್ಟಡ ಮತ್ತೆ ಸೋರುತ್ತದೆ, ಆಗ ಕೆಡವಿ ಕಟ್ಟೋಣ ಅಂದರೆ ಆ ಎಂಬತ್ತು ಜನರ ಮಕ್ಕಳೂ ಹೂಂ ಅನ್ನಬೇಕು. ನಿಮ್ಮ ಕಮಿಟಿಯ ಉಹೂಂ ಬಳಗಕ್ಕೆ ಇದೇ ಭಯ ಇದ್ದರೆ ಅವರು ಸರಿಯಾಗೇ ಹೆದರಿದ್ದಾರೆ. ಮಾರದೆ ಬಾಡಿಗೆ ಮನೆ ಕಟ್ಟುವವರು ಯಾರಾದರೂ ಸಿಗುತ್ತಾರಾ ಅಂತ ವಿಚಾರಿಸಿ. ಲಾಭ ಕಮ್ಮಿ, ಆದರೆ ನೆಲ ನಿಮ್ಮದಾಗೇ ಇರುತ್ತದೆ.

ಇಷ್ಟೆಲ್ಲ ಆಗಿ ಕಟ್ಟುವುದೇ ಸೈ ಅಂತಾದರೆ, ಶಾಲೆಯ ತಲೆ ಮೇಲೇ ಮನೆ ಬರಬೇಕು ಅಂತೇನೂ ಇಲ್ಲ. ಲಂಡನ್ನಿನ ಹ್ಯಾಕ್ನಿಯಲ್ಲಿ ಹೆನ್ಲಿ ಹೇಲ್‌ಬ್ರೌನ್ ಅನ್ನೋ ಆರ್ಕಿಟೆಕ್ಟ್ ಸಂಸ್ಥೆ ಮಾಡಿದ ಒಂದು ಕಟ್ಟಡ ಇದೆ. 350 ಮಕ್ಕಳ ಪ್ರೈಮರಿ ಶಾಲೆ, 68 ಮನೆ. ಶಾಲೆ ತಗ್ಗಾಗಿ, ನಡುವೆ ಅಂಗಳ ಇಟ್ಟುಕೊಂಡು ಹರಡಿಕೊಂಡಿದೆ, ನಮ್ಮ ಹಳೇ ತೊಟ್ಟಿಮನೆ ಹಾಗೆ. ಮನೆಗಳು ಮೂಲೆಯಲ್ಲಿ ಒಂದು ಗೋಪುರವಾಗಿ ನಿಂತಿವೆ. ಒಳ್ಳೇ ಕಟ್ಟಡಕ್ಕೆ ಬ್ರಿಟನ್ನಿನಲ್ಲಿ ಕೊಡುವ ಸ್ಟರ್ಲಿಂಗ್ ಪ್ರಶಸ್ತಿಯ ಅಂತಿಮ ಪಟ್ಟಿಗೂ 2022ರಲ್ಲಿ ಬಂದಿತ್ತು. ನಿಮ್ಮ ಮುಕ್ಕಾಲು ಎಕರೆ ಅಂದರೆ ಸುಮಾರು 3,000 ಚದರ ಮೀಟರ್. ಪಕ್ಕಪಕ್ಕದಲ್ಲಿ ಇಡೋಕೆ ಸಾಕಾಗುತ್ತದಾ ಅಂತ ಮೊದಲು ಒಂದು ಸ್ಕೆಚ್ ಮಾಡಿಸಿ. ಸಾಕಾದರೆ ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಉತ್ತರವೇ ಬೇಕಾಗಲ್ಲ.

ಪ್ರಶ್ನೆ: ಮೇಡಂ, ನಿಮ್ಮ ಒಂದು ಸಾಲಿನ ಉತ್ತರ ಓದಿ ಕೋಪ ಬಂತು. ಮೇಲೆ ನೂರಾರು ಮನೆ, ಮನೆಗೆ ಎರಡೆರಡು ಗ್ಯಾಸ್ ಸಿಲಿಂಡರ್, ಯಾರು ಬಂದರು ಯಾರು ಹೋದರು ಗೊತ್ತಿಲ್ಲ, ಕೆಳಗೆ ನಮ್ಮ ಮಕ್ಕಳು. ನಿಮ್ಮ ಮಕ್ಕಳನ್ನು ಕಳಿಸ್ತೀರಾ?
(ಇಬ್ಬರು ಮಕ್ಕಳ ತಾಯಿ, ಮೈಸೂರು)

ಉತ್ತರ: ನಿಮ್ಮ ಕೋಪ ಸರಿಯಾಗಿದೆ. ಬೆಂಕಿಯ ಮಾತನ್ನೇ ಮೊದಲು ಆಡೋಣ, ಯಾಕಂದರೆ ಇದನ್ನು ನಾವು ಮಕ್ಕಳನ್ನು ಕಳೆದುಕೊಂಡು ಕಲಿತಿದ್ದೇವೆ.

2004ರ ಜುಲೈ 16ರಂದು ಕುಂಭಕೋಣಂನಲ್ಲಿ 94 ಮಕ್ಕಳು ಸತ್ತರು. ಒಂದೇ ಕಟ್ಟಡದಲ್ಲಿ ಮೂರು ಶಾಲೆ ನಡೆಯುತ್ತಿದ್ದವು. ಬಿಸಿಯೂಟದ ಅಡುಗೆಮನೆಯಿಂದ ಕಿಡಿ ಎದ್ದು ಗರಿ ಚಾವಣಿಗೆ ಹತ್ತಿಕೊಂಡಿತು, ಮೆಟ್ಟಿಲು ಇಕ್ಕಟ್ಟು. 2019ರ ಮೇ 24ರಂದು ಸೂರತ್‌ನಲ್ಲಿ ಅಂಗಡಿ ಮಳಿಗೆಗಳ ಕಟ್ಟಡದ ತುತ್ತತುದಿಯಲ್ಲಿದ್ದ ಕೋಚಿಂಗ್ ಕ್ಲಾಸಿಗೆ ಬೆಂಕಿ ಹತ್ತಿತು, 22 ವಿದ್ಯಾರ್ಥಿಗಳು ಹೋದರು. ಇಳಿಯೋಕೆ ದಾರಿ ಇಲ್ಲದೆ ಹುಡುಗರು ಮೇಲಿಂದ ಜಿಗಿದಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಎರಡರಲ್ಲೂ ಒಂದೇ ಕಟ್ಟಡದಲ್ಲಿ ಹಲವು ಉಪಯೋಗ ಇತ್ತು ನಿಜ. ಆದರೆ ಜೀವ ತೆಗೆದಿದ್ದು ಅದಲ್ಲ, ಇಳಿಯುವ ದಾರಿ. ಕುಂಭಕೋಣಂ ಆದಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಾಲೆಗಳೂ ಬೆಂಕಿ ಸುರಕ್ಷತೆಯ ನಿಯಮ ಪಾಲಿಸಲೇಬೇಕು ಅಂತ ಹೇಳಿತು.

ಅದಕ್ಕೇ ನಾನು "ಗೇಟು ಬೇರೆ" ಅಂದಿದ್ದು. ಗೇಟು ಅಂದರೆ ಬರೀ ಗೇಟಲ್ಲ. ರಸ್ತೆಯಿಂದ ಹಿಡಿದು ಕೊನೇ ಬೆಂಚಿನವರೆಗೆ ಮಗು ನಡೆಯುವ ದಾರಿ ಪೂರ್ತಿ ಬೇರೆ ಇರಬೇಕು. ಶಾಲೆಗೆ ತನ್ನದೇ ಮೆಟ್ಟಿಲು, ಕಡಿಮೆ ಅಂದರೂ ಎರಡು ಕಡೆ, ಒಂದೊಂದೂ ಒಂದೂವರೆ ಮೀಟರ್ ಅಗಲ. ಮೇಲಿನ ಮನೆಯವರ ಮೆಟ್ಟಿಲು ಶಾಲೆಯ ಮಹಡಿಗಳಲ್ಲಿ ಬಾಗಿಲೇ ಇಲ್ಲದೆ ನೇರ ಬೀದಿಗೆ ಇಳಿಯಬೇಕು. ಬೆಂಕಿ ಬಿದ್ದಾಗ ಮೇಲಿಂದ ಓಡಿ ಬರುವ ದೊಡ್ಡವರೂ ಕೆಳಗಿನ ಒಂದನೇ ಕ್ಲಾಸಿನ ಮಕ್ಕಳೂ ಒಂದೇ ಮೆಟ್ಟಿಲಲ್ಲಿ ಎದುರಾದರೆ ಏನಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೂ ಮನೆಗಳಿಗೂ ನಡುವಿನ ಸ್ಲ್ಯಾಬಿನಲ್ಲಿ ಪೈಪಿಗೆ, ಕೇಬಲ್ಲಿಗೆ ಅಂತ ಬಿಟ್ಟ ತೂತುಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು. ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಹೊಗೆ ಹತ್ತುವುದೇ ಆ ತೂತುಗಳಲ್ಲಿ.

ನೀವು ಕೇಳದೇ ಇರುವ ಇನ್ನೊಂದು ವಿಷಯ ಹೇಳ್ತೀನಿ. ನನಗೆ ಸಿಲಿಂಡರ್‌ಗಿಂತ ಹೂಕುಂಡದ ಭಯ ಜಾಸ್ತಿ. ಹತ್ತನೇ ಮಹಡಿ ಬಾಲ್ಕನಿಯ ಕಟ್ಟೆ ಮೇಲೆ ಇಟ್ಟ ತುಳಸಿ ಕುಂಡ, ಒಣಗಿಸಿದ ಬಟ್ಟೆಯ ಜೊತೆ ಬೀಳುವ ಕ್ಲಿಪ್ಪು, ಎಸಿ ರಿಪೇರಿಯವನ ಕೈಯಿಂದ ಜಾರುವ ಸ್ಪ್ಯಾನರ್. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಬಾಲ್ಕನಿಗಳು ಆಟದ ಜಾಗದ ಮೇಲೆ ಬರಲೇಬಾರದು. ಬರುತ್ತವೆ ಅಂತಾದರೆ ಗೋಪುರ ಹಿಂದೆ ಸರಿಯಬೇಕು, ಇಲ್ಲಾ ನಡುವೆ ಗಟ್ಟಿ ಸಜ್ಜಾ ಬೇಕು.

ನನ್ನ ಮಕ್ಕಳನ್ನು ಕಳಿಸ್ತೀನಾ? ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ಪ್ಲಿಮ್‌ಸಾಲ್ ಬಿಲ್ಡಿಂಗ್ ಅಂತ ಇದೆ. ಕೆಳಗೆ ಒಂದು ಪ್ರೈಮರಿ ಶಾಲೆ, ಅದರ ಜೊತೆಗೇ ಕಿವುಡ ಮಕ್ಕಳ ಶಾಲೆ, ಮೇಲೆ 255 ಫ್ಲ್ಯಾಟು. 2015ರಿಂದ ನಡೆಯುತ್ತಿದೆ. ಕಿವಿ ಕೇಳುವ ಮಕ್ಕಳೂ ಅಲ್ಲಿ ಸಂಜ್ಞೆಯ ಭಾಷೆ ಕಲಿಯುತ್ತಾರೆ. ಅಂಥದ್ದಕ್ಕೆ ಕಣ್ಣು ಮುಚ್ಚಿ ಕಳಿಸ್ತೀನಿ. ನಮ್ಮೂರಿನ ಎಷ್ಟೋ ಪ್ಲೇ ಹೋಮ್‌ಗಳಿಗೆ, ಕಾರು ಇಳಿಯುವ ರ‍್ಯಾಂಪಿನ ಪಕ್ಕದಲ್ಲೇ ಮಕ್ಕಳ ಚಪ್ಪಲಿ ಸ್ಟ್ಯಾಂಡ್ ಇಟ್ಟಿರುತ್ತಾರಲ್ಲ, ಅಲ್ಲಿಗೆ ಕಳಿಸಲ್ಲ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 71. ಶಾಲೆಗೆ ಅಂಟಿಕೊಂಡ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೇನೆ. ಬೆಳಿಗ್ಗೆ ಮೈಕಿನಲ್ಲಿ ಪ್ರಾರ್ಥನೆ, ಹತ್ತೂವರೆಗೆ ಗಲಾಟೆ, ಮಧ್ಯಾಹ್ನ ಗಲಾಟೆ, ಆಗಸ್ಟ್ ಬಂದರೆ ಬ್ಯಾಂಡ್ ಸೆಟ್. ಇದಕ್ಕೆ ಕಾನೂನು ಇಲ್ಲವೇನಮ್ಮಾ?
(ಹಿರಿಯ ಓದುಗರು, ಹುಬ್ಬಳ್ಳಿ)

ಉತ್ತರ: ಇದೆ, ಆದರೆ ಅದು ನಿಮ್ಮ ಕಡೆ ಇಲ್ಲ, ಕ್ಷಮಿಸಿ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಮಾಡಬಹುದು ಅಂತ ಇದೆ. ಅದು ಹೊರಗಿನ ಗಲಾಟೆಯಿಂದ ಶಾಲೆಯನ್ನು ಕಾಪಾಡೋಕೆ ಬರೆದದ್ದು. ಜರ್ಮನಿಯವರು 2011ರಲ್ಲಿ ಕಾನೂನು ತಿದ್ದಿ, ಶಿಶುವಿಹಾರ, ಆಟದ ಜಾಗಗಳ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಹಾನಿ ಮಾಡುವ ಸದ್ದು ಅಂತ ಲೆಕ್ಕಕ್ಕೆ ಹಿಡಿಯಬಾರದು ಅಂದರು. 2015ರಲ್ಲಿ ಟೋಕಿಯೊ ಕೂಡ ಪುಟ್ಟ ಮಕ್ಕಳ ದನಿಯನ್ನು ಶಬ್ದದ ಮಿತಿಯಿಂದ ಹೊರಗಿಟ್ಟಿತು. ಅಂದರೆ ನಿಮ್ಮ ಹಾಗೆ ದೂರು ಕೊಟ್ಟವರು ಅಲ್ಲೂ ಬೇಕಾದಷ್ಟು ಜನ ಇದ್ದರು ಅಂತ ಅರ್ಥ!

ಆದರೆ ಮೈಕು ಮಗುವಿನ ದನಿ ಅಲ್ಲ. ಮುನ್ನೂರು ಮಕ್ಕಳು ಎದುರಿಗೇ ನಿಂತಿರುವಾಗ ಪ್ರಾರ್ಥನೆಗೆ ಮೈಕು ಯಾಕೆ ಬೇಕು? ಹೋಗಿ ಕೇಳಿ, ಹೆಡ್‌ಮಾಸ್ಟರ್ ಹತ್ತಿರ ಉತ್ತರ ಇರುವುದಿಲ್ಲ. ಸ್ಪೀಕರಿನ ಮುಖ ನಿಮ್ಮ ಕಿಟಕಿಯಿಂದ ಬೇರೆ ಕಡೆ ತಿರುಗಿಸಿದರೂ ಅರ್ಧ ಜಗಳ ಮುಗಿಯುತ್ತದೆ. ಹೊಸದಾಗಿ ಕಟ್ಟುವವರು ಇದನ್ನು ನಕ್ಷೆಯಲ್ಲೇ ನೋಡಿಕೊಳ್ಳಬೇಕು. ನಾಲ್ಕೂ ಕಡೆ ಎತ್ತರದ ಗೋಡೆ ಇರುವ ಅಂಗಳ ಬಾವಿ ಇದ್ದ ಹಾಗೆ, ಕೆಳಗೆ ಕೂಗಿದ್ದು ಮೇಲಕ್ಕೇ ಬರುತ್ತದೆ. ಒಂದು ಕಡೆ ತೆರೆದಿರಲಿ. ಮಲಗುವ ಕೋಣೆಗಳು ಅಂಗಳದ ಕಡೆ ಬೇಡ, ಆ ಕಡೆ ಅಡುಗೆಮನೆ, ಬಚ್ಚಲು ಬರಲಿ. ಬ್ಯಾಂಡ್ ಸೆಟ್ಟಿಗೆ ನನ್ನ ಹತ್ತಿರ ಮದ್ದಿಲ್ಲ. ಹದಿನೈದು ದಿನ ಸಹಿಸಿಕೊಳ್ಳಿ ಸಾರ್.

ಪ್ರಶ್ನೆ: ಮೇಡಂ, ನಾನು ಆರ್ಕಿಟೆಕ್ಚರ್ ನಾಲ್ಕನೇ ವರ್ಷ. ಥೀಸಿಸ್‌ಗೆ ಶಾಲೆ ಮತ್ತು ವಸತಿ ಒಂದೇ ಕಟ್ಟಡದಲ್ಲಿ ತಗೊಂಡಿದ್ದೀನಿ. ಕ್ಲಾಸಿಗೆ ಪಿಲ್ಲರ್ ಇಟ್ಟರೆ ಮೇಲಿನ ಮನೆಗೆ ಹೊಂದಲ್ಲ, ಮನೆಗೆ ಇಟ್ಟರೆ ಕ್ಲಾಸಿನ ಮಧ್ಯ ಬರುತ್ತೆ. ಗೈಡ್ "ನೀನೇ ನೋಡ್ಕೋ" ಅಂತಾರೆ.
(ವಿದ್ಯಾರ್ಥಿ, ಮಂಗಳೂರು)

ಉತ್ತರ: ನಿಮ್ಮ ಗೈಡ್ ಜಾಣರು. ಇಂಥ ಕಟ್ಟಡದ ಅಸಲಿ ಗುದ್ದಾಟ ಇರುವುದೇ ಇಲ್ಲಿ.

ಕ್ಲಾಸಿಗೆ ಏಳೆಂಟು ಮೀಟರ್ ಅಡ್ಡ ಪಿಲ್ಲರ್ ಇಲ್ಲದ ಜಾಗ ಬೇಕು. ಮನೆಯ ಕೋಣೆಗೆ ಮೂರೂವರೆ ಮೀಟರ್ ಸಾಕು. ಹಾಗಾದರೆ ಎರಡು ಕೋಣೆಗೆ ಒಂದು ಕ್ಲಾಸು ಅಂತ ಹೊಂದಿಸಿಕೊಳ್ಳಿ. ಏಳು ಮೀಟರಿಗೊಂದು ಪಿಲ್ಲರ್, ಕೆಳಗೆ ಅದರ ನಡುವೆ ಕ್ಲಾಸು, ಮೇಲೆ ಅದೇ ಜಾಗದಲ್ಲಿ ಎರಡು ಕೋಣೆ, ನಡುವಿನ ಗೋಡೆ ಭಾರ ಹೊರದ ಹಗುರ ಗೋಡೆ. ಮುಕ್ಕಾಲು ಕಟ್ಟಡ ಇದರಲ್ಲೇ ಬಗೆಹರಿಯುತ್ತದೆ. ಸಭಾಂಗಣ ಮಾತ್ರ ಹೊಂದಲ್ಲ. ಅದನ್ನು ಗೋಪುರದ ಕೆಳಗೆ ಇಡಬೇಡಿ, ಪಕ್ಕಕ್ಕೆ ತಳ್ಳಿ. ಇಟ್ಟೇ ಇಡ್ತೀನಿ ಅಂದರೆ ಮೇಲಿನ ಹತ್ತು ಮಹಡಿಯ ಪಿಲ್ಲರ್‌ಗಳನ್ನು ಹೊರೋಕೆ ಆಳೆತ್ತರದ ಟ್ರಾನ್ಸ್‌ಫರ್ ಬೀಮ್ ಬೇಕು, ದುಡ್ಡು ಅದಕ್ಕೇ ಸುರಿಯಬೇಕು. ಕೆಳಗೆ ಗೋಡೆ ಕಮ್ಮಿ, ಮೇಲೆ ಜಾಸ್ತಿ ಇರುವ ಕಟ್ಟಡ ಭೂಕಂಪದಲ್ಲಿ ಮೊಣಕಾಲು ಮುರಿದುಕೊಂಡು ಕೂರುತ್ತದೆ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಸ್ಟಿಲ್ಟ್ ಪಾರ್ಕಿಂಗ್ (ಕಾರಿಗೆ ಅಂತ ನೆಲಮಹಡಿಯಲ್ಲಿ ಬರೀ ಪಿಲ್ಲರ್ ಬಿಟ್ಟ) ಅಪಾರ್ಟ್‌ಮೆಂಟುಗಳು ಬಿದ್ದಿದ್ದು ಹಾಗೇ.

ಭಾರದ ಲೆಕ್ಕವೂ ಬೇರೆ. ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಹಿಡಿದರೆ ಕ್ಲಾಸಿಗೆ 300, ಶಾಲೆಯ ಕಾರಿಡಾರ್, ಮೆಟ್ಟಿಲಿಗೆ 400. ಬೆಲ್ ಹೊಡೆದ ತಕ್ಷಣ ಕಾರಿಡಾರ್ ಹೇಗಿರುತ್ತದೆ ಅಂತ ನೆನಪಿಸಿಕೊಂಡರೆ ಈ ಲೆಕ್ಕ ಯಾಕೆ ಅಂತ ಗೊತ್ತಾಗುತ್ತದೆ. ಭೂಕಂಪದ ಲೆಕ್ಕದಲ್ಲೂ ಶಾಲೆಗೆ ಮಾಮೂಲಿ ಮನೆಯ ಒಂದೂವರೆ ಪಟ್ಟು ಬಲ ಹಿಡಿಯಬೇಕು, ಇಬ್ಬರೂ ಒಂದೇ ಕಟ್ಟಡದಲ್ಲಿದ್ದರೆ ಇಡೀ ಕಟ್ಟಡಕ್ಕೆ ಶಾಲೆಯ ಲೆಕ್ಕವೇ.

ಈಗ ನನ್ನದೇ ಒಂದು ತಪ್ಪು ಹೇಳ್ತೀನಿ, ಗೈಡ್ ಹತ್ತಿರ ಹೇಳಬೇಡಿ. ಕೆಲಸ ಶುರುಮಾಡಿದ ಹೊಸದರಲ್ಲಿ ನಾಲ್ಕು ಮಹಡಿಯ ಒಂದು ಅಪಾರ್ಟ್‌ಮೆಂಟ್ ಮಾಡಿದ್ದೆ, ನೆಲಮಹಡಿಯಲ್ಲಿ ನರ್ಸರಿ. ಪಿಲ್ಲರ್ ಎಲ್ಲ ಚಂದ ಹೊಂದಿಸಿದ್ದೆ, ಹೆಮ್ಮೆಯೂ ಇತ್ತು. ಮೇಲಿನ ಟಾಯ್ಲೆಟ್ ಪೈಪು ಎಲ್ಲಿ ಇಳಿಯುತ್ತದೆ ಅಂತ ಮಾತ್ರ ನೋಡಿರಲಿಲ್ಲ. ಅದು ಎಲ್‌ಕೆಜಿ ಕ್ಲಾಸಿನ ಫಾಲ್ಸ್ ಸೀಲಿಂಗ್ ಒಳಗೆ ಅಡ್ಡ ಹೋಗಿ, ಗೋಡೆ ಮೂಲೆಯಲ್ಲಿ ಕೆಳಗೆ ಇಳಿದಿತ್ತು. ಯಾರಾದರೂ ಮೇಲೆ ಫ್ಲಶ್ ಮಾಡಿದರೆ ಮಕ್ಕಳೆಲ್ಲ ಒಟ್ಟಿಗೆ "ಹೋಓ" ಅಂತ ಕೂಗುತ್ತಿದ್ದರಂತೆ. ಎರಡನೇ ಮಳೆಗಾಲಕ್ಕೆ ಜಾಯಿಂಟ್ ಸೋರಿತು. ಏನು ಸೋರಿತು ಅಂತ ಬೇರೆ ಹೇಳಬೇಕಾ? ಟೀಚರ್ ಫೋನ್ ಮಾಡಿ ಬೈದಿದ್ದು ಇನ್ನೂ ಕಿವಿಯಲ್ಲಿದೆ. ಅವತ್ತಿನಿಂದ ಶಾಲೆಗೂ ಮನೆಗೂ ನಡುವೆ ಆಳು ಬಗ್ಗಿ ಓಡಾಡುವಷ್ಟು ಎತ್ತರದ ಒಂದು ಸರ್ವಿಸ್ ಮಹಡಿ ಇಲ್ಲದೆ ನಾನು ಕೈ ಹಾಕಲ್ಲ. ಮೇಲಿನ ಪೈಪುಗಳೆಲ್ಲ ಅಲ್ಲಿ ಸೇರಿ, ಹೊರಗೋಡೆಯ ಡಕ್ಟಿಗೆ ತಿರುಗಿ ಇಳಿಯಲಿ. ರಿಪೇರಿಯವನು ಕ್ಲಾಸಿನೊಳಗೆ ಕಾಲಿಡದೆ ಅಲ್ಲಿಗೆ ತಲುಪುವ ಹಾಗಿರಲಿ.

ಥೀಸಿಸ್‌ನಲ್ಲಿ ಎಲ್ಲರೂ ಮರೆಯುವ ಸಣ್ಣಪುಟ್ಟದ್ದೂ ಇವೆ. ಜನರೇಟರ್ ಹೊಗೆ ಎಲ್ಲಿ ಹೋಗುತ್ತದೆ, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ವಾಸನೆ ಯಾರ ಕಿಟಕಿಗೆ ಬರುತ್ತದೆ, ಟ್ರಾನ್ಸ್‌ಫಾರ್ಮರ್‌ಗೆ ಚೆಂಡು ಹೋದರೆ ಬೇಲಿ ಎಷ್ಟೆತ್ತರ, ಸಂಪು ಬೇರೆಯಾ ಒಂದೇನಾ (ಬೇರೆ ಮಾಡಿ, ಏಪ್ರಿಲ್‌ನಲ್ಲಿ ಟ್ಯಾಂಕರ್ ಬಂದಾಗ ಜಗಳ ಆಗುತ್ತದೆ). ಇವನ್ನು ನಕ್ಷೆಯಲ್ಲಿ ತೋರಿಸಿದರೆ ಜ್ಯೂರಿಯವರು ಸುಮ್ಮನಾಗುತ್ತಾರೆ, ನೋಡಿ ಬೇಕಾದರೆ.

ಪ್ರಶ್ನೆ: ಸಿಂಗಪುರದಲ್ಲಿ ಒಂಬತ್ತು ವರ್ಷದಿಂದ ಇದ್ದೀವಿ. ಮಗಳ ಕಿಂಡರ್‌ಗಾರ್ಟನ್ ನಮ್ಮ ಬ್ಲಾಕಿನ ಕೆಳಗೇ ಇತ್ತು, ಲಿಫ್ಟ್ ಇಳಿದರೆ ಶಾಲೆ. ಊರಿಗೆ ಬಂದರೆ ಅಕ್ಕನ ಮಗ ನಾಲ್ಕು ವರ್ಷಕ್ಕೇ ಮುಕ್ಕಾಲು ಗಂಟೆ ವ್ಯಾನಿನಲ್ಲಿ ಕೂರುತ್ತಾನೆ. ಇಷ್ಟು ಸುಲಭದ್ದು ನಮ್ಮೂರಲ್ಲಿ ಯಾಕಾಗಲ್ಲ?
(ಓದುಗರು, ಸಿಂಗಪುರ)

ಉತ್ತರ: ನಿಮ್ಮ ಬ್ಲಾಕಿನ ಕೆಳಗೆ ಅಂದಿರಲ್ಲ, ಆ ಖಾಲಿ ನೆಲಮಹಡಿಗೆ ಅಲ್ಲಿ ವಾಯ್ಡ್ ಡೆಕ್ ಅನ್ನುತ್ತಾರೆ. ಸರ್ಕಾರಿ ವಸತಿ ಸಂಸ್ಥೆ ಎಚ್‌ಡಿಬಿ ಸುಮಾರು 1970ರ ದಶಕದಿಂದ ಕಟ್ಟಡಗಳ ಕೆಳಗೆ ಜಾಗ ಖಾಲಿ ಬಿಡುತ್ತಾ ಬಂತು. ಮದುವೆ ಅಲ್ಲೇ, ಸಾವಿನ ಕಾರ್ಯ ಅಲ್ಲೇ, ಶಿಶುವಿಹಾರವೂ ಅಲ್ಲೇ. ಯಾರ ಮನೆಯನ್ನೂ ತೆಗೆಯಬೇಕಾಗಿಲ್ಲ, ಹೊಸ ಜಾಗ ಕೊಳ್ಳಬೇಕಾಗಿಲ್ಲ. ಆದರೆ ಇದನ್ನೂ ಗಮನಿಸಿ. ಅವರು ಅಲ್ಲಿ ಇಟ್ಟಿದ್ದು ಪುಟ್ಟ ಮಕ್ಕಳ ಶಾಲೆ ಮಾತ್ರ. ಪ್ರೈಮರಿ ಶಾಲೆಗೆ ಬೇರೆ ಕ್ಯಾಂಪಸ್ಸು, ಬೇರೆ ಮೈದಾನ.

ನಮ್ಮಲ್ಲೂ ಅಪಾರ್ಟ್‌ಮೆಂಟಿನ ನೆಲಮಹಡಿ ಖಾಲಿಯೇ ಇರುತ್ತದೆ, ಸ್ಟಿಲ್ಟ್ ಅಂತ. ಅಲ್ಲಿ ಕಾರು ನಿಂತಿರುತ್ತದೆ. ಇಷ್ಟು ಮನೆಗೆ ಇಷ್ಟು ಕಾರು ಅಂತ ನಿಯಮ ಇದೆ, ಇಷ್ಟು ಮನೆಗೆ ಒಂದು ಅಂಗನವಾಡಿ ಅಂತ ಬಿಲ್ಡರ್‌ನನ್ನು ಕೇಳುವವರಿಲ್ಲ. ಶಿಕ್ಷಣ ಹಕ್ಕಿನ ನಿಯಮದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಗುವಿಗೆ 1 ಕಿಲೋಮೀಟರ್ ಒಳಗೆ ಶಾಲೆ ಅಂತ ಇದೆ, ಆದರೆ ಆ ಕಾಯ್ದೆ ಶುರುವಾಗುವುದೇ ಆರು ವರ್ಷದಿಂದ. ನಿಮ್ಮ ಅಕ್ಕನ ಮಗ ಯಾವ ಲೆಕ್ಕಕ್ಕೂ ಬರಲ್ಲ. ಅವರ ಅಪಾರ್ಟ್‌ಮೆಂಟ್ ದೊಡ್ಡದಾಗಿದ್ದರೆ ಕ್ಲಬ್‌ಹೌಸ್ ಅಂತ ಒಂದು ಇರುತ್ತದೆ, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಅಲ್ಲಿ ನಾಯಿಯೂ ಇರಲ್ಲ. ರಸ್ತೆ ಕಡೆಯಿಂದ ಅದಕ್ಕೆ ಒಂದು ಬಾಗಿಲು ಒಡೆಯಬಹುದಾ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳೋಕೆ ಹೇಳಿ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಬೇಡಿ ಅಂತಲೂ ಹೇಳಿ.

ಪ್ರಶ್ನೆ: ಜಾಗ ಕಮ್ಮಿ ಇದ್ದರೆ ಆಟದ ಮೈದಾನ ತಾರಸಿ ಮೇಲೆ ಮಾಡಿದರೆ ಸಾಕಲ್ವಾ?
(ಓದುಗರು, ತುಮಕೂರು)

ಉತ್ತರ: ಪುಟ್ಟ ಮಕ್ಕಳಿಗೆ ಸಾಕು. ಫ್ರಾನ್ಸಿನ ಮಾರ್ಸೆಯಲ್ಲಿ ಆರ್ಕಿಟೆಕ್ಟ್ ಲ ಕಾರ್ಬೂಸಿಯೇ 1952ರಲ್ಲಿ ಮುಗಿಸಿದ 337 ಮನೆಯ ಕಟ್ಟಡದ ನೆತ್ತಿಯಲ್ಲೇ ಶಿಶುವಿಹಾರ ಇಟ್ಟರು, ತಾರಸಿಯೇ ಅವರ ಅಂಗಳ, ಅಲ್ಲೇ ಕಾಲು ಮುಳುಗುವಷ್ಟು ನೀರಿನ ಕೊಳ. ಹಾಂಗ್‌ಕಾಂಗಿನದು ಬೇರೆ ಕಥೆ. 1953ರ ಕ್ರಿಸ್‌ಮಸ್ ರಾತ್ರಿ ಶೆಕ್ ಕಿಪ್ ಮೆಯ್ ಗುಡಿಸಲುಗಳಿಗೆ ಬೆಂಕಿ ಬಿದ್ದು 50 ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಂದರು. ಅವರಿಗೆ ಅಂತ ಅವಸರದಲ್ಲಿ ಎಬ್ಬಿಸಿದ ಬ್ಲಾಕುಗಳ ತಾರಸಿ ಮೇಲೆ ಸ್ವಯಂಸೇವಾ ಸಂಸ್ಥೆಗಳು ಶಾಲೆ ನಡೆಸಿದವು, ಸುತ್ತ ತಂತಿ ಬಲೆ ಕಟ್ಟಿಕೊಂಡು. ಬೇರೆ ಜಾಗ ಇರಲಿಲ್ಲ, ಮಾಡಿದರು.

ಆರನೇ ಕ್ಲಾಸಿನ ಹುಡುಗರಿಗೆ ತಾರಸಿ ಸಾಲದು. ಕ್ರಿಕೆಟ್ ಆಡೋಕೆ ಬಿಡಲ್ಲ, ಬಿಟ್ಟರೆ ಚೆಂಡು ರಸ್ತೆಗೆ ಹೋಗುತ್ತದೆ, ಮಧ್ಯಾಹ್ನ ಹನ್ನೆರಡಕ್ಕೆ ಕಾಲಿಡೋಕೂ ಆಗಲ್ಲ. ಮೈದಾನವನ್ನು ನೆಲದ ಮೇಲೇ ಉಳಿಸಿ, ಬೇಕಾದರೆ ಸ್ಟಾಫ್ ರೂಮು, ಲೈಬ್ರರಿ ಮೇಲಕ್ಕೆ ಹೋಗಲಿ. ತಾರಸಿ ಬಿಟ್ಟು ಬೇರೆ ದಾರಿಯೇ ಇಲ್ಲ ಅಂತಾದರೆ ಬಲೆಯನ್ನು ಪಕ್ಕಕ್ಕೆ ಮಾತ್ರ ಅಲ್ಲ, ಮೇಲೂ ಹೊದಿಸಿ. ಮತ್ತೆ ಅದರ ಕೆಳಗಿನ ಮನೆಯನ್ನು ಯಾರಿಗೂ ಮಾರಬೇಡಿ, ನೀರಿನ ಟ್ಯಾಂಕಿಗೋ ಸ್ಟೋರಿಗೋ ಇಟ್ಟುಕೊಳ್ಳಿ.